ಮನೇಲೇ ಸಣ್ಣಪುಟ್ಟ ಅಲಂಕಾರದ ಕೆಲಸಕ್ಕೆ ಟೂಲ್ ಬಾಕ್ಸಲ್ಲಿ ಏನೇನಿರ್ಬೇಕು?

ತಾರಸಿ_ತೋಟ:

ಎಲ್ರಿಗೂ ನಮಸ್ಕಾರ. ಬೆಂಗಳೂರಲ್ಲಿ ವಿಜಯನಗರದ ಕಡೆ ಬಾಡಿಗೆ ಮನೆಗೆ ಬಂದಿದೀವಿ, ಎರಡನೇ ಮಹಡಿ, ಡಬಲ್ ಬೆಡ್‌ರೂಮು, ಬಿಲ್ಡಿಂಗು ಒಂದಿಪ್ಪತ್ತು ವರ್ಷ ಹಳೇದಿರ್ಬೋದು. ಗಾಳಿ ಬೆಳಕು ಎಲ್ಲ ಚೆನ್ನಾಗಿದೆ, ಗೋಡೆಗಳು ಮಾತ್ರ ಬೋಳು ಬೋಳು. ಎರಡು ಕಿಟಕಿಗೆ ಕರ್ಟನ್ ರಾಡ್ ಹಾಕ್ಬೇಕು, ಅಜ್ಜಿ ಕೊಟ್ಟಿರೋ ಲಕ್ಷ್ಮಿ ಪಟ ಒಂದಿದೆ, ಗಾಜಿನ ಫ್ರೇಮು, ಒಳ್ಳೇ ಭಾರ, ಅದನ್ನ ಹಾಲಲ್ಲಿ ಹಾಕ್ಬೇಕು, ಮಗನ ಪುಸ್ತಕಕ್ಕೆ ಒಂದು ಶೆಲ್ಫು, ಆಮೇಲೆ ಮಲಗೋ ರೂಮಲ್ಲಿ ಒಂದೇ ಒಂದು ಗೋಡೆಗೆ ಬೇರೆ ಬಣ್ಣ ಹೊಡೀಬೇಕು. ಓನರ್ ಅಂಕಲ್ ಒಳ್ಳೆಯವ್ರು, ತೂತು ಹೊಡ್ಕೊಳಿ ಪರ್ವಾಗಿಲ್ಲ, ಖಾಲಿ ಮಾಡುವಾಗ ಮುಚ್ಚಿಸಿ ಕೊಡಿ ಅಂದಿದಾರೆ.

ಇಷ್ಟು ಸಣ್ಣ ಕೆಲಸಕ್ಕೆ ಕಾರ್ಪೆಂಟರ್ ಕರೆದ್ರೆ ನಾಳೆ ಬರ್ತೀನಿ ಅಂತಾರೆ, ಬರಲ್ಲ. ಬಂದ್ರೂ ಎರಡು ತೂತಿಗೆ ಅರ್ಧ ದಿನದ ಕೂಲಿ ಕೇಳ್ತಾರೆ. ಅದಕ್ಕೆ ನಾನೇ ಕಲ್ತು ಮಾಡೋಣ ಅಂತ ನಿರ್ಧಾರ ಮಾಡಿದೀನಿ, ಮನೆಯವ್ರೂ ಜೊತೆಗಿದಾರೆ. ಬಜೆಟ್ಟು ನಾಲ್ಕರಿಂದ ಐದು ಸಾವಿರ. ಆನ್‌ಲೈನಲ್ಲಿ ನೂರು ಪೀಸಿನ ಕಿಟ್ಟು ಡ್ರಿಲ್ ಸಮೇತ ಒಂದೇ ಸೂಟ್‌ಕೇಸಲ್ಲಿ ಬರುತ್ತಲ್ಲ, ಅದು ತಗೋಬೋದಾ ಇಲ್ಲ ಬಿಡಿ ಬಿಡಿಯಾಗಿ ತಗೋಬೇಕಾ? ನಿಜವಾಗ್ಲೂ ಬೇಕಾಗೋದು ಯಾವ್ದು, ಸುಮ್ನೆ ಮೂಲೇಲಿ ಬಿದ್ದಿರೋದು ಯಾವ್ದು ಹೇಳಿ ಪ್ಲೀಸ್.

ರಸಮಟ್ಟ:

ಅಕ್ಕಾ, ಟೂಲ್ ಲಿಸ್ಟು ಆಮೇಲೆ, ಮೊದ್ಲು ನಿಮ್ಮ ಗೋಡೆ ಯಾವ್ದು ಅಂತ ತಿಳ್ಕೊಳಿ. ನಾನು ಇಂಟೀರಿಯರ್ ಕೆಲಸ ಮಾಡೋನು, ದಿನಾ ನೋಡ್ತೀನಿ, ಅದೇ ಡ್ರಿಲ್ಲು ಒಂದು ಮನೇಲಿ ಸಲೀಸಾಗಿ ಇಳಿಯುತ್ತೆ, ಪಕ್ಕದ ಮನೇಲಿ ಅರ್ಧ ಇಂಚೂ ಹೋಗಲ್ಲ, ಜನ ಡ್ರಿಲ್ ಸರಿ ಇಲ್ಲ ಅಂತ ವಾಪಸ್ ಕಳಿಸ್ತಾರೆ. ಬೆಂಗಳೂರಲ್ಲೇ ಎಷ್ಟು ತರ ಗೋಡೆ ಇದೆ ನೋಡಿ, ಹಳೇ ಏರಿಯಾಗಳಲ್ಲಿ ಸೈಜ್ ಕಲ್ಲು, ಇಟ್ಟಿಗೆ, ಆಮೇಲೆ ಬಂದಿದ್ದು ಸಾಲಿಡ್ ಬ್ಲಾಕು, ಹಾಲೋ ಬ್ಲಾಕು, ಈಗಿನ ಅಪಾರ್ಟ್‌ಮೆಂಟಲ್ಲಿ ಹಗುರವಾದ ಎಎಸಿ ಬ್ಲಾಕು, ಇನ್ನು ಮೈವಾನ್ ಅಂತಾರಲ್ಲ ಅಲ್ಲಿ ಒಳಗೋಡೆ ಹೊರಗೋಡೆ ಎಲ್ಲಾ ಕಾಂಕ್ರೀಟೇ.

ಕಂಡು ಹಿಡಿಯೋದು ಕಷ್ಟ ಇಲ್ಲ. ಕಾಣದೇ ಇರೋ ಜಾಗದಲ್ಲಿ, ಕರ್ಟನ್ ಹಿಂದೆನೋ ಬೀರು ಹಿಂದೆನೋ ಒಂದು ತೂತು ಹೊಡೆದು ಉದುರೋ ಪುಡಿ ನೋಡಿ. ಮೊದಲ ಅರ್ಧ ಇಂಚು ಹೆಚ್ಚಿನ ಗೋಡೇಲಿ ಪ್ಲಾಸ್ಟರಿಂದೇ ಬೂದು ಪುಡಿ, ಅದನ್ನ ನಂಬ್ಬೇಡಿ. ಅದಾದ್ಮೇಲೆ ಕೆಂಪು ಪುಡಿ ಬಂದ್ರೆ ಇಟ್ಟಿಗೆ. ಬೂದು ಬಣ್ಣದ ಒರಟು ಪುಡಿ ಬಂದ್ರೆ ಸಾಲಿಡ್ ಬ್ಲಾಕು. ಬಿಳೀ ಮೆತ್ತನೆ ಪುಡಿ ಬಂದು, ಡ್ರಿಲ್ಲಿನ ಮುಂದೆ ಕೊರೆಯೋ ಬಿಟ್ಟು ತಾನೇ ಒಳಗೆ ಹೋಗ್ತಾ ಇದ್ರೆ ಎಎಸಿ, ಅಲ್ಲಿ ಹ್ಯಾಮರ್ ಮೋಡ್, ಅಂದ್ರೆ ಗುದ್ದುತ್ತಾ ಕೊರೆಯೋದನ್ನ ಆಫ್ ಮಾಡಿ ಬರೀ ತಿರುಗಿಸಿ ಹೊಡೀಬೇಕು, ಇಲ್ಲಾಂದ್ರೆ ತೂತು ಅಗಲ ಆಗಿ, ಸ್ಕ್ರೂ ಹಿಡಿಯೋಕೆ ತೂತೊಳಗೆ ಹಾಕೋ ಪ್ಲಗ್ಗು ನಿಲ್ಲಲ್ಲ. ಒಳಗೆ ಹೋಗ್ತಾ ಹೋಗ್ತಾ ಸಡನ್ನಾಗಿ ಖಾಲಿ ಸಿಕ್ಕಂಗಾದ್ರೆ ಹಾಲೋ ಬ್ಲಾಕು. ಬಿಟ್ಟು ಕಿರುಚ್ತಾ ಚೂರೇ ಚೂರು ನುಣ್ಣನೆ ಪುಡಿ ಉದುರ್ತಾ ಇದ್ರೆ ಕಾಂಕ್ರೀಟು, ಅಲ್ಲಿಗೆ ನಿಲ್ಸಿ.

ನೂರು ಪೀಸಿನ ಕಿಟ್ ಬೇಡ. ಅದ್ರಲ್ಲಿ ಅರ್ಧ ಬರೀ ಸಾಕೆಟ್ಟು, ಸಣ್ಣ ಸಣ್ಣ ಬಿಟ್ಟು, ಮೊಳೆ ಪ್ಯಾಕೆಟ್ಟು ಇವೇ ಲೆಕ್ಕಕ್ಕೆ. ಸ್ಕ್ರೂಡ್ರೈವರ್ ತುದಿ ಮೆತ್ತಗಿರುತ್ತೆ, ಒಂದು ಗಟ್ಟಿ ಸ್ಕ್ರೂ ಸಿಕ್ರೆ ತುದಿ ಸವೆದು ಸ್ಕ್ರೂ ತಲೇನೂ ಕೆಟ್ಟೋಗುತ್ತೆ. ಬಿಡಿಯಾಗಿ ತಗೊಳಿ. ಒಂದು 5 ಮೀಟರ್ ಟೇಪು, ಸ್ಟೀಲಿಂದು, ಎಳೆದು ಲಾಕ್ ಮಾಡಿದ್ರೆ ನಿಲ್ಲೋ ಅಂಥದ್ದು. ಒಂದಡಿ ರಸಮಟ್ಟ. ಫೋನಲ್ಲಿ ಆ್ಯಪ್ ಇದೆ ನಿಜ, ಆದ್ರೆ ಫೋನಿನ ಅಂಚು ಗುಂಡಗಿರುತ್ತೆ, ಕ್ಯಾಮೆರಾ ಉಬ್ಬಿರುತ್ತೆ, ಗಾಜಿನ ಗುಳ್ಳೆ ಮೇಲಿರೋ ನಂಬಿಕೆ ನಂಗೆ ಅದ್ರ ಮೇಲಿಲ್ಲ. ಮೊಳೆ ಕೀಳೋ ಕೊಂಬಿರೋ ಅರ್ಧ ಕೇಜಿ ಸುತ್ತಿಗೆ. 8 ಇಂಚಿನ ಕಟಿಂಗ್ ಪ್ಲೇಯರ್. ಸ್ಟಾರ್ ಸ್ಕ್ರೂಡ್ರೈವರ್ 2ನೇ ನಂಬರಿಂದು ಒಂದು, ಮೈನಸ್ ಒಂದು, ಟಪಾರಿಯಾ ಕಂಪನೀದು ತಗೊಂಡ್ರೆ ವರ್ಷಾನುಗಟ್ಲೆ ಬರುತ್ತೆ. ಬ್ಲೇಡ್ ಕಟರ್, ಆ್ಯಲನ್ ಕೀ ಸೆಟ್ಟು, ಪೆನ್ಸಿಲ್ಲು, ಕಣ್ಣಿಗೆ ಗಾಗಲ್ಸು, ಮೂಗಿಗೆ ಮಾಸ್ಕು. ತಲೆ ಮೇಲಿನ ತೂತು ಹೊಡೆಯುವಾಗ ಪುಡಿ ನೇರ ಕಣ್ಣಿಗೇ ಬರುತ್ತೆ, ಗಾಗಲ್ಸ್ ಬಿಟ್ಟು ಮಾಡಲೇಬೇಡಿ.

ಡ್ರಿಲ್ಲು ಇಂಪ್ಯಾಕ್ಟ್ ಇರೋದು, ಅಂದ್ರೆ ಹ್ಯಾಮರ್ ಮೋಡ್ ಇರೋದು, 500ರಿಂದ 600 ವ್ಯಾಟು, ಸ್ಪೀಡ್ ಕಮ್ಮಿ ಜಾಸ್ತಿ ಮಾಡೋಕಾಗ್ಬೇಕು, ಮುಂದೆ ಹಿಂದೆ ತಿರುಗ್ಬೇಕು. ಒಳ್ಳೇ ಕಂಪನೀದು ಎರಡರಿಂದ ಮೂರು ಸಾವಿರದೊಳಗೆ ಸಿಗುತ್ತೆ, ನಿಮ್ಮ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ ಇದಕ್ಕೇ ಹೋಗ್ಲಿ, ಪರ್ವಾಗಿಲ್ಲ. ಗೋಡೆಗೆ 6 ಎಂಎಂ, 8 ಎಂಎಂ ಮೇಸನ್ರಿ ಬಿಟ್ಟು ಎರಡೆರಡು, ಮರಕ್ಕೆ 2, 3, 4 ಎಂಎಂ.

ಪ್ಲಗ್ ವಿಷ್ಯಾನ ಅಂಗಡಿಯವ್ರ ಮೇಲೆ ಬಿಡ್ಬೇಡಿ. 6ರ ಬಿಟ್ಟು, 6ರ ಪ್ಲಗ್ಗು, 8 ನಂಬರ್ ಸ್ಕ್ರೂ, ಇದು ಫ್ರೇಮು, ಗಡಿಯಾರ, ಕರ್ಟನ್ ಬ್ರಾಕೆಟ್ಟಿಗೆ. 8ರ ಬಿಟ್ಟು, 8ರ ಪ್ಲಗ್ಗು, 10 ನಂಬರ್ 2 ಇಂಚಿನ ಸ್ಕ್ರೂ, ಇದು ಶೆಲ್ಫಿಗೆ. ಪ್ಲಾಸ್ಟರಿಗೆ ಹಿಡಿಯೋ ಶಕ್ತಿ ಇಲ್ಲ, ಪ್ಲಗ್ಗು ಅದನ್ನ ದಾಟಿ ಇಟ್ಟಿಗೆ ಒಳಗೆ ಕೂರ್ಬೇಕು, ಅದಕ್ಕೇ ಗಿಡ್ಡ ಸ್ಕ್ರೂ ಹಾಕಿದ ಶೆಲ್ಫು ಪ್ಲಾಸ್ಟರ್ ಚಕ್ಕೆ ಸಮೇತ ಕಳಚ್ಕೊಂಡು ಬರೋದು. ಬಿಟ್ಟಿನ ಮೇಲೆ ಪ್ಲಗ್ಗು ಅಳತೆ ಇಟ್ಟು, ಅದಕ್ಕಿಂತ ಒಂದು ಬೆರಳಿನ ಅರ್ಧದಷ್ಟು ಜಾಸ್ತಿ ಬಿಟ್ಟು ಇನ್ಸುಲೇಷನ್ ಟೇಪ್ ಸುತ್ಕೊಳಿ, ಟೇಪು ಗೋಡೆಗೆ ಮುಟ್ಟಿದ ತಕ್ಷಣ ನಿಲ್ಸಿ. ತೂತಿನೊಳಗಿನ ಪುಡಿ ಊದಿ ತೆಗೀರಿ, ಮುಖ ದೂರ ಇಟ್ಕೊಂಡು. ಪುಡಿ ಉಳಿದ್ರೆ ಪ್ಲಗ್ಗು ಮುಕ್ಕಾಲು ಹೋಗಿ ನಿಲ್ಲುತ್ತೆ, ಆಗ ಸುತ್ತಿಗೇಲಿ ಬಡಿದು ಬಡಿದು ಅದ್ರ ಬಾಯಿ ಚಪ್ಪಟೆ ಮಾಡ್ಬಿಡ್ತಾರೆ.

ನಿಮ್ಮ ಲಕ್ಷ್ಮಿ ಪಟಕ್ಕೆ ಒಂದಲ್ಲ, ಎರಡು ಸ್ಕ್ರೂ, ಒಂದೇ ಮಟ್ಟದಲ್ಲಿ. ಹಿಂದೆ ಇರೋ ಹಳೇ ದಾರ ತೆಗೆದು ಫ್ರೇಮಿನ ಎರಡೂ ಪಕ್ಕದ ಮರಕ್ಕೆ ಒಂದೊಂದು ರಿಂಗ್ ಕೊಂಡಿ ಸ್ಕ್ರೂ ಮಾಡಿ. ಕೆಳಗಡೆ ಎರಡು ಮೂಲೆಗೆ ರಬ್ಬರ್ ಬುಷ್ ಅಂಟಿಸಿ, ಪಟದ ಹಿಂದೆ ಗಾಳಿ ಆಡ್ಲಿ, ಮಳೆಗಾಲದಲ್ಲಿ ಗೋಡೆ ತೇವ ಪಟಕ್ಕೆ ಇಳಿಯಲ್ಲ.

ಆಗೋದಾದ್ರೆ ಟೂಲ್ ಅಂಗಡಿಗಳಿರೋ ಎಸ್‌ಪಿ ರೋಡಿಗೆ ಒಂದ್ಸಲ ಹೋಗ್ಬನ್ನಿ, ಕೈಯಲ್ಲಿ ಹಿಡಿದು ನೋಡಿ ತಗೋಬೋದು. ಸುತ್ತಿಗೆ ತೂಕ ಕೈಗೆ ಸರಿ ಹೋಗುತ್ತಾ ಅಂತ ಫೋಟೋದಲ್ಲಿ ಗೊತ್ತಾಗಲ್ಲ.

ಧಾರವಾಡ_ಫೇಡೆ:

ಮ್ಯಾಲಿನವ್ರು ಎಲ್ಲಾ ಚೊಲೋ ಹೇಳ್ಯಾರ್ರೀ, ಆದ್ರ ಕರೆಂಟಿನ ಸುದ್ದಿ ಬಿಟ್ಟಾರ. ನಾ ವೈರಿಂಗ್ ಕೆಲಸದಾಂವ, ಅದಕ್ಕ ಹೇಳ್ತೀನ್ರಿ. ನಿಮ್ಮ ಡಬ್ಬಿಯೊಳಗ ಒಂದು ಟೆಸ್ಟರ್ ಇರಬೇಕು, ಅದು ಕೈಯಾಗ ಇಲ್ದ ಗ್ವಾಡಿಗೆ ಡ್ರಿಲ್ ಹಚ್ಚಬ್ಯಾಡ್ರಿ.

ನಮ್ಮ ಕಡೆ ಮನಿಗಳಾಗ ವೈರಿನ ಪೈಪು ಗ್ವಾಡಿ ಒಳಗ ಮುಚ್ಚಿ ಹೋಗಿರ್ತಾವ. ಬಹಳ ಮಾಡಿ ಸ್ಲ್ಯಾಬಿನಿಂದ ಸೀದಾ ಕೆಳಗ ಸ್ವಿಚ್ ಬೋರ್ಡಿಗೆ ಇಳದಿರ್ತಾವ, ಅಲ್ಲಿಂದ ಕೆಳಗಿನ ಪ್ಲಗ್ ಪಾಯಿಂಟಿಗೆ ಒಂದು ಪೈಪು. ಹಂಗಾಗಿ ಬೋರ್ಡಿನ ನೆಟ್ಟಗ ಮ್ಯಾಲೆ, ನೆಟ್ಟಗ ಕೆಳಗ, ಎಡಕ್ಕ ಬಲಕ್ಕ ಒಂದು ಗೇಣು ಜಾಗ ಬಿಟ್ಟು ಹೊಡೀರಿ. ಟ್ಯೂಬ್‌ಲೈಟ್ ಗ್ವಾಡಿ ಮ್ಯಾಲೆ ಐತಿ ಅಂದ್ರ ಅಲ್ಲಿಗೂ ಒಂದು ಪೈಪು ಬಂದಿರ್ತೈತಿ, ಅದರ ನೆಟ್ಟಗೂ ಬ್ಯಾಡ. ಬಾತ್‌ರೂಮಿನ ಹಿಂದಿನ ಗ್ವಾಡಿ ಇದ್ರ ನೀರಿನ ಪೈಪು, ಒಳಗ ಹೋಗಿ ನಳ ಎಲ್ಲೆಲ್ಲಿ ಅದಾವ ನೋಡ್ಕೊಂಡು ಬರ್ರಿ, ಅವುಗಳ ನ್ಯಾರಕ ಹೊಡೀಬ್ಯಾಡ್ರಿ.

ಹೊಡಿಯೋ ರೂಮಿಂದು ಎಂಸಿಬಿ ಇಳಿಸಿ, ಡ್ರಿಲ್ಲಿಗೆ ಬ್ಯಾರೆ ರೂಮಿನಿಂದ ಎಕ್ಸ್‌ಟೆನ್ಷನ್ ಎಳಕೋರಿ. ಟೆಸ್ಟರ್ರು ಮೊದಲು ಕರೆಂಟ್ ಇರೋ ಪ್ಲಗ್ಗಿನಾಗ ಇಟ್ಟು ದೀಪ ಹತ್ತತೈತೇನು ನೋಡ್ರಿ, ಆಮ್ಯಾಲೆ ಬಂದ್ ಮಾಡಿದ್ದರಾಗ ನೋಡ್ರಿ. ಕೆಟ್ಟ ಟೆಸ್ಟರ್ ಕರೆಂಟ್ ಇದ್ರೂ ಇಲ್ಲಾ ಅಂತ ತೋರಸ್ತೈತಿ, ಜನ ಅದನ್ನ ನಂಬಿ ಕೈ ಹಾಕ್ತಾರ. ಮೇನ್ ಬೋರ್ಡಿನಾಗ ಆರ್‌ಸಿಸಿಬಿ, ಅಂದ್ರ ಕರೆಂಟ್ ಸೋರಿದ್ರ ತಾನ ಬಂದ್ ಆಗೋ ಸ್ವಿಚ್ಚು, ಐತೇನು ಕೇಳ್ರಿ ಓನರ್‌ಗೆ, 30 ಮಿಲಿ ಆ್ಯಂಪಿಂದು, ಅದರ ಟೆಸ್ಟ್ ಬಟನ್ ಒತ್ತಿದ್ರ ಟಕ್ ಅಂತ ಬೀಳಬೇಕು. ಕಾಲಾಗ ಒಣ ಚಪ್ಪಲಿ ಹಾಕ್ಕೋರಿ. ಪ್ಲಾಸ್ಟಿಕ್ ಸ್ಟೂಲ್ ಮ್ಯಾಲೆ ನಿಂತು ಡ್ರಿಲ್ ಹಿಡೀಬ್ಯಾಡ್ರಿ ಅಕ್ಕಾರ, ನೂಕಿದಾಗ ಸ್ಟೂಲು ಹಿಂದಕ್ಕ ಜಾರತೈತಿ. ನಾಲ್ಕು ಮೆಟ್ಟಿಲಿನ ಅಲ್ಯೂಮಿನಿಯಂ ಏಣಿ ನೆರೆಯವ್ರ ಕಡೆ ಇದ್ರ ಇಸಕೋರಿ, ಒಬ್ರು ಕೆಳಗ ಹಿಡಕೊಂಡು ನಿಲ್ಲಲಿ.

ತಾರಸಿ_ತೋಟ:

ಇಬ್ರಿಗೂ ತುಂಬಾ ತುಂಬಾ ಥ್ಯಾಂಕ್ಸ್, ಇಷ್ಟು ವಿವರವಾಗಿ ಯಾರೂ ಹೇಳಿರ್ಲಿಲ್ಲ. ಕೆಳಗಿನ ಮನೆಯವ್ರ ಡ್ರಿಲ್ ಇಸ್ಕೊಂಡು ಪುಡಿ ನೋಡಿದ್ವಿ, ಹಾಲಲ್ಲಿ ಒಳ್ಳೇ ಕೆಂಪು ಪುಡಿ, ಇಟ್ಟಿಗೆ ಅಂತ ಖುಷಿ ಆಯ್ತು. ಆದ್ರೆ ಕಿಟಕಿ ಮೇಲೆ ಕರ್ಟನ್ ಬ್ರಾಕೆಟ್ ಜಾಗದಲ್ಲಿ ಪ್ಲಾಸ್ಟರ್ ದಾಟಿದ ಮೇಲೆ ಒಂಚೂರೂ ಹೋಗ್ತಿಲ್ಲ, ಬಿಟ್ಟು ಬಿಸಿ ಆಗಿ ಸುಟ್ಟ ವಾಸನೆ ಬಂತು, ನಿಲ್ಸಿಬಿಟ್ವಿ. ಒಂದೇ ಮನೇಲಿ ಎರಡು ತರ ಗೋಡೆ ಇರುತ್ತಾ? ಇದಕ್ಕೆ ದೊಡ್ಡ ಡ್ರಿಲ್ ತಗೋಬೇಕಾ?

ರಸಮಟ್ಟ:

ನಿಲ್ಸಿದ್ದು ಒಳ್ಳೇದಾಯ್ತು. ಅದು ಲಿಂಟಲ್ ಅಕ್ಕ. ಕಿಟಕಿ ಬಾಗಿಲಿನ ಮೇಲೆ ಇಟ್ಟಿಗೆ ಭಾರ ಹೊರೋಕೆ ಕಾಂಕ್ರೀಟ್ ತೊಲೆ ಹಾಕಿರ್ತಾರೆ, ಸಾಮಾನ್ಯವಾಗಿ ಅರ್ಧ ಅಡಿ ಎತ್ತರ, ಕಿಟಕಿಯಿಂದ ಆಚೆ ಈಚೆ ಎರಡೂ ಕಡೆ ಇನ್ನೂ ಅರ್ಧರ್ಧ ಅಡಿ ಹೋಗಿರುತ್ತೆ. ಕೆಲವು ಮನೇಲಿ ಸುತ್ತಲೂ ಒಂದೇ ಪಟ್ಟಿ. ಕರ್ಟನ್ ಬ್ರಾಕೆಟ್ಟು ಹಾಕೋ ಜಾಗ ಸರಿಯಾಗಿ ಅದ್ರ ಮೇಲೇ ಬರುತ್ತೆ, ಹೊಸಬ್ರ ಮೊದಲನೇ ಕೆಲಸಾನೇ ಕರ್ಟನ್ ಆಗಿರುತ್ತೆ, ಅಲ್ಲೇ ಎಲ್ರೂ ಸೋತು ಡ್ರಿಲ್ ಎತ್ತಿಡೋದು.

ದೊಡ್ಡ ಡ್ರಿಲ್ ಕೊಳ್ಬೇಡಿ. ಬ್ರಾಕೆಟ್ಟನ್ನ ಕಿಟಕಿ ಅಂಚಿಂದ 8 ಇಂಚು ಮೇಲಕ್ಕೆ ತಗೊಂಡೋಗಿ ಟ್ರೈ ಮಾಡಿ, ಲಿಂಟಲ್ ದಾಟಿ ಇಟ್ಟಿಗೆ ಸಿಗೋ ಸಾಧ್ಯತೆ ಜಾಸ್ತಿ, ಕರ್ಟನ್ನು ಮೇಲಿಂದ ಇಳಿಬಿದ್ರೆ ರೂಮೂ ಎತ್ತರ ಕಾಣುತ್ತೆ, ನಾವು ಬೇಕಂತಲೇ ಹಂಗೆ ಮಾಡೋದು. ಕರ್ಟನ್ ಕೊಳ್ಳೋಕೆ ಮುಂಚೆ ಇದನ್ನ ಮಾಡಿ, ಉದ್ದ ಬದಲಾಗುತ್ತೆ. ಕಿಟಕಿ ಮೇಲೆ ಅಷ್ಟು ಜಾಗ ಇಲ್ಲಾಂದ್ರೆ, ಅಥವಾ ಸ್ಲ್ಯಾಬಿನ ಬೀಮೇ ಲಿಂಟಲ್ ಆಗಿದ್ರೆ, ರೋಟರಿ ಹ್ಯಾಮರ್ ಇರೋರನ್ನ ಕರೆಸಿ ಆ ನಾಲ್ಕು ತೂತು ಮಾತ್ರ ಹೊಡಿಸ್ಕೊಳಿ, ಅದು ಹಿಂದಿನಿಂದ ಗುದ್ದೋ ರೀತಿನೇ ಬೇರೆ, ಕಾಂಕ್ರೀಟು ಅದಕ್ಕೆ ಮಾತ್ರ ಬಗ್ಗೋದು. ಎಸ್‌ಡಿಎಸ್ ಬಿಟ್ಟು ಅಂತ ಬೇರೇನೇ ಬರುತ್ತೆ ಅದಕ್ಕೆ, ನಿಮ್ಮ ಡ್ರಿಲ್ಲಿಗೆ ಕೂರಲ್ಲ. ಕಾಂಕ್ರೀಟಲ್ಲಿ ಕಿಡಿ ಹಾರಿ ಲೋಹದ ಪುಡಿ ಬಂದ್ರೆ ಕಂಬಿ ಸಿಕ್ಕಿದೆ ಅಂತ, ಅದನ್ನ ಕೊರೀಬಾರ್ದು, ಒಂದಿಂಚು ಪಕ್ಕಕ್ಕೆ ಸರೀಬೇಕು.

ಬಿಟ್ಟು ಬಿಸಿ ಆದಾಗ ನೀರಲ್ಲಿ ಅದ್ದಬೇಡಿ. ತುದಿಯಲ್ಲಿ ಕಾರ್ಬೈಡ್ ತುಂಡು ಬೆಸುಗೆ ಹಾಕಿರ್ತಾರೆ, ಬಿಸಿ ಇರುವಾಗ ತಣ್ಣೀರು ತಾಗಿದ್ರೆ ಸೀಳು ಬಿಡುತ್ತೆ. ಆಗಾಗ ಹೊರಗೆ ಎಳೆದು ಪುಡಿ ಬಿಡ್ಸಿ, ಗಾಳೀಲೇ ಆರ್ಲಿ.

ಬಣ್ಣದ_ಡಬ್ಬ:

ಒಂದು ಗೋಡೆ ಬಣ್ಣದ ಬಗ್ಗೆ ನಾನು ಹೇಳ್ತೀನಿ, ಯಾಕಂದ್ರೆ ಎಲ್ರೂ ಬಣ್ಣಕ್ಕೇ ದುಡ್ಡು ಹಾಕಿ ಬ್ರಷ್ಷು ರೋಲರ್ ಅಗ್ಗದ್ದು ತರ್ತಾರೆ. ಕೂದಲು ಉದುರೋ ಬ್ರಷ್ಷಿಂದ ಎಂಥಾ ಬಣ್ಣ ಹೊಡೆದ್ರೂ ಗೋಡೆ ಮೇಲೆ ಕೂದಲು ಅಂಟಿರುತ್ತೆ, ಒಣಗಿದ ಮೇಲೆ ಕಿತ್ರೆ ಗೆರೆ ಬೀಳುತ್ತೆ.

ಮೊದ್ಲು ಅಂಗೈಯಿಂದ ಗೋಡೆ ಗಟ್ಟಿಯಾಗಿ ಉಜ್ಜಿ ನೋಡಿ. ಕೈಗೆ ಬಿಳಿ ಪೌಡರ್ ಬಂದ್ರೆ ಹಳೇ ಡಿಸ್ಟೆಂಪರ್, ಅದ್ರ ಮೇಲೆ ನೇರವಾಗಿ ಎಮಲ್ಷನ್ ಹೊಡೆದ್ರೆ ಹಾಳೆ ಹಾಳೆಯಾಗಿ ಏಳುತ್ತೆ, ಪುಟ್ಟಿ ಪಟ್ಟಿಯಿಂದ ಕೆರೆದು, ಒದ್ದೆ ಬಟ್ಟೇಲಿ ಒರೆಸಿ, ಒಣಗಿಸಿ, ಪ್ರೈಮರ್ ಒಂದು ಕೋಟ್ ಕೊಟ್ಟು ಆಮೇಲೆ ಬಣ್ಣ. ಕಿಟಕಿ ಮೂಲೇಲೋ ಕೆಳಗಡೆನೋ ಗೋಡೆ ಉಪ್ಪು ಬಿಟ್ಟು ಉಬ್ಬಿದ್ರೆ ಆ ಗೋಡೆ ಬಿಟ್ಟು ಬೇರೆ ಗೋಡೆ ಆರಿಸ್ಕೊಳಿ, ನೀರು ಎಲ್ಲಿಂದ ಬರ್ತಿದೆ ಅನ್ನೋದನ್ನ ಓನರ್ ಸರಿ ಮಾಡಿಸೋ ತನಕ ಯಾವ ಬಣ್ಣಾನೂ ನಿಲ್ಲಲ್ಲ.

10ಕ್ಕೆ 10 ಅಡಿ ಗೋಡೆ ಅಂದ್ರೆ 100 ಚದರಡಿ. ನುಣುಪಾದ ಗೋಡೆಗೆ ಎರಡು ಕೋಟ್ ಸೇರಿ ಸುಮಾರು ಒಂದು ಲೀಟರ್ ಎಮಲ್ಷನ್ ಸಾಕು, ಕಡು ಬಣ್ಣ ಆದ್ರೆ ಮೂರನೇ ಕೋಟಿಗೂ ಬೇಕಾಗ್ಬೋದು. ಟೂಲು ಅಂದ್ರೆ 9 ಇಂಚಿನ ರೋಲರ್ ಒಂದು, ಮೂಲೆಗೆ 4 ಇಂಚಿಂದು ಒಂದು, 2 ಇಂಚಿನ ಬ್ರಷ್ಷು, ಟ್ರೇ, 4 ಇಂಚಿನ ಪುಟ್ಟಿ ಪಟ್ಟಿ, 180 ಮತ್ತು 220ರ ಸ್ಯಾಂಡ್ ಪೇಪರ್, ಮಾಸ್ಕಿಂಗ್ ಟೇಪು, ನೆಲಕ್ಕೆ ಹಳೇ ಬೆಡ್‌ಶೀಟು. ನ್ಯೂಸ್‌ಪೇಪರ್ ಹಾಸಿದ್ರೆ ಬಣ್ಣ ನೆನೆದು ಟೈಲ್ಸಿಗೆ ಅಂಟುತ್ತೆ, ಬೆಡ್‌ಶೀಟೇ ವಾಸಿ.

ಅಂಚನ್ನ ಬ್ರಷ್ಷಲ್ಲಿ ಮೊದ್ಲು ಹೊಡ್ಕೊಂಡು ಅದು ಹಸಿ ಇರುವಾಗ್ಲೇ ರೋಲರ್ ತಗೊಳಿ, ಅಂಚು ಒಣಗಿಬಿಟ್ರೆ ಸುತ್ತ ಫೋಟೋ ಫ್ರೇಮ್ ತರ ಒಂದು ಪಟ್ಟಿ ಎದ್ದು ಕಾಣುತ್ತೆ. ಮಧ್ಯದಲ್ಲಿ ಊಟಕ್ಕೆ ಏಳಬೇಡಿ, ಒಂದು ಗೋಡೆ ಒಂದೇ ಸಲ ಮುಗೀಬೇಕು. ಮೊದಲನೇ ಕೋಟ್ ಆದ್ಮೇಲೆ ನಾಲ್ಕೈದು ಗಂಟೆ ಬಿಡಿ, ಅಷ್ಟೊತ್ತು ರೋಲರನ್ನ ಪ್ಲಾಸ್ಟಿಕ್ ಕವರಲ್ಲಿ ಬಿಗಿಯಾಗಿ ಸುತ್ತಿಡಿ, ತೊಳೀಬೇಕಿಲ್ಲ. ಟೇಪನ್ನ ಎರಡನೇ ಕೋಟ್ ಇನ್ನೂ ಹಸಿ ಇರುವಾಗ ನಿಧಾನವಾಗಿ ಎಳೀರಿ, ಪೂರ್ತಿ ಒಣಗಿಸಿ ಎಳೆದ್ರೆ ಬಣ್ಣಾನೂ ಕಿತ್ಕೊಂಡು ಬರುತ್ತೆ.

ಖಾಲಿ ಮಾಡುವಾಗ ತೂತು ಮುಚ್ಚೋಕೆ ದೊಡ್ಡ ಪುಟ್ಟಿ ಚೀಲ ಬೇಡ, ರೆಡಿಮೇಡ್ ಅಕ್ರಿಲಿಕ್ ಪುಟ್ಟಿ ಸಣ್ಣ ಡಬ್ಬ ಸಾಕು. ಪ್ಲಗ್ಗನ್ನ ಪ್ಲೇಯರಲ್ಲಿ ಎಳೆದು ತೆಗೆದು, ತೂತಿಗೆ ಎರಡು ಸಲವಾಗಿ ತುಂಬಿ, ಒಣಗಿದ ಮೇಲೆ 220ರಲ್ಲಿ ಉಜ್ಜಿ. ಓನರ್ ಹತ್ರ ಗೋಡೆ ಬಣ್ಣದ ಶೇಡ್ ನಂಬರ್ ಈಗ್ಲೇ ಕೇಳಿ ಬರೆದಿಟ್ಕೊಳಿ, ಆಮೇಲೆ ಅವ್ರಿಗೂ ನೆನಪಿರಲ್ಲ.

ಕಡಲ_ತಡಿ:

ನಾನು ಉಡುಪಿ ಕಡೆಯವ, ನಮ್ಮಲ್ಲಿ ಕತೆ ಸ್ವಲ್ಪ ಬೇರೆ ಉಂಟು, ಈ ಕಡೆಯವರು ಯಾರಾದ್ರೂ ಓದ್ತಾ ಇದ್ರೆ ಉಪಯೋಗ ಆಗ್ಬಹುದು ಅಂತ ಬರೀತಾ ಇದ್ದೇನೆ. ಇಲ್ಲಿ ಹಳೇ ಮನೆ ಅಂದ್ರೆ ಕೆಂಪು ಕಲ್ಲಿನ ಗೋಡೆ. ಕಲ್ಲು ಅಂತ ಹೆಸರು ಮಾತ್ರ, ಒಳಗೆ ಎಲ್ಲ ತೂತು ತೂತು, ಒಂದು ಕಡೆ ಗಟ್ಟಿ, ಎರಡಿಂಚು ಆಚೆ ಮೆತ್ತಗೆ. ಹ್ಯಾಮರ್ ಮೋಡ್ ಹಾಕಿದ್ರೆ 8 ಎಂಎಂ ಬಿಟ್ಟಿನಲ್ಲಿ ಬೆರಳು ಹೋಗುವಷ್ಟು ದೊಡ್ಡ ಗುಂಡಿ ಆಗ್ತದೆ ಮಾರಾಯ್ರೆ. ಹ್ಯಾಮರ್ ಬೇಡ, ಬರೀ ತಿರುಗಿಸಿ, 8ರ ಪ್ಲಗ್ಗಿಗೆ 7ರ ಬಿಟ್ ಹಾಕಿ, ಪ್ಲಗ್ಗನ್ನು ಸುತ್ತಿಗೆಯಲ್ಲಿ ಮೆಲ್ಲ ಬಡಿದು ಕೂರಿಸಿ. ಆದ್ರೂ ಅಲ್ಲಾಡಿದ್ರೆ ಎಂ-ಸೀಲ್ ಕಲಸಿ ಪ್ಲಗ್ಗಿನ ಸುತ್ತ ಮೆತ್ತಿ ಒಂದು ದಿನ ಬಿಟ್ಟು ಸ್ಕ್ರೂ ಹಾಕಿ.

ನಮ್ಮ ಅಪ್ಪನ ಕಾಲದಲ್ಲಿ ಮರದ ಗೂಟ ಬಡೀತಾ ಇದ್ರು. ಮಳೆಗಾಲದಲ್ಲಿ ಗೂಟ ಉಬ್ಬಿ ಬಿಗಿ ಆಗ್ತದೆ, ಬೇಸಿಗೆಯಲ್ಲಿ ಒಣಗಿ ಸಡಿಲ ಆಗ್ತದೆ, ಎರಡು ವರ್ಷದಲ್ಲಿ ಗಡಿಯಾರ ಸಮೇತ ಕೆಳಗೆ. ನೈಲಾನ್ ಪ್ಲಗ್ಗಿಗೆ ಆ ತೊಂದ್ರೆ ಇಲ್ಲ, 1958ರಲ್ಲಿ ಜರ್ಮನಿಯ ಆರ್ಟುರ್ ಫಿಶರ್ ಅದನ್ನು ಮಾಡಿದ್ದು, ನಮ್ಮ ಅಂಗಡಿಗಳಲ್ಲಿ ಯಾವ ಕಂಪನಿಯದ್ದಾದ್ರೂ ಫಿಶರ್ ಕೊಡಿ ಅಂತಲೇ ಕೇಳೋದು. ಸ್ಕ್ರೂ ಒಳಗೆ ಹೋದ ಹಾಗೆ ಅದು ಅಗಲ ಆಗಿ ಗೋಡೆಯನ್ನು ಒತ್ತಿ ಹಿಡೀತದೆ, ಅದಕ್ಕಾಗಿ ಪ್ಲಗ್ಗಿಗೆ ತೀರ ಸಣ್ಣ ಸ್ಕ್ರೂ ಹಾಕ್ಬಾರ್ದು, ಅಗಲ ಆಗೋದೇ ಇಲ್ಲ.

ಸ್ಕ್ರೂ, ಹುಕ್ಕು ಎಲ್ಲ ಸ್ಟೇನ್‌ಲೆಸ್ ಸ್ಟೀಲಿಂದೇ ತಗೊಳ್ಳಿ. ಸಮುದ್ರದ ಗಾಳಿಗೆ ಸಾದಾ ಸ್ಕ್ರೂ ತುಕ್ಕು ಹಿಡಿದು ಬಿಳಿ ಗೋಡೆಯಲ್ಲಿ ಕಂದು ಗೆರೆ ಇಳೀತದೆ, ಅದು ಬಣ್ಣ ಹೊಡೆದ್ರೂ ಮೇಲೆ ಬರ್ತದೆ. ಟೂಲ್‌ಗಳನ್ನು ಜೂನ್ ಬರುವ ಮೊದಲು ಹೊಲಿಗೆ ಮೆಷಿನಿನ ಎಣ್ಣೆಯಲ್ಲಿ ಒಮ್ಮೆ ಒರೆಸಿ ಇಡಿ. ಮತ್ತೆ ಈ ಅಂಟಿಸುವ ಹುಕ್ಕು, ಅಂಟಿಸುವ ಪಟ್ಟಿ, ಅದೆಲ್ಲ ನುಣುಪು ಟೈಲ್ಸಿಗೆ, ಗಾಜಿಗೆ, ಬೀರು ಬಾಗಿಲಿಗೆ ಒಳ್ಳೇದು. ಸುಣ್ಣದ ಗೋಡೆಗೆ, ಡಿಸ್ಟೆಂಪರಿಗೆ ಹಿಡಿಯೋದೇ ಇಲ್ಲ, ಅಂಟು ಗಟ್ಟಿಯೇ ಇರ್ತದೆ, ಅದರ ಹಿಂದಿನ ಸುಣ್ಣ ಬಿಟ್ಟು ಬರ್ತದೆ.

ಬೊಂಬೆ_ಮನೆ:

ಎಲ್ರೂ ಡ್ರಿಲ್ಲಿನ ಬಗ್ಗೇನೇ ಹೇಳಿದ್ರಿ, ತಂಗೀ, ಮನೆ ಅಲಂಕಾರ ಅಂದ್ರೆ ವರಮಹಾಲಕ್ಷ್ಮಿ, ಗೌರಿ ಗಣೇಶ, ದಸರಾ ಬೊಂಬೆ ಇವೂ ಬರುತ್ತೆ ಅಲ್ವಾ? ನಾನು ಮೈಸೂರಿನವಳು, ಮದುವೆ ಆದಾಗಿಂದ ಬೊಂಬೆ ಕೂರಿಸ್ತಾ ಬಂದಿದೀನಿ, ಹಬ್ಬದ ಸಾಮಾನಿಗೇ ಬೇರೆ ಡಬ್ಬ ಇಡೋದು ಒಳ್ಳೇದು ಅಂತ ನನ್ನ ಅಭಿಪ್ರಾಯ. ಹಬ್ಬದ ಹಿಂದಿನ ರಾತ್ರಿ ಕತ್ತರಿ ಹುಡುಕೋದ್ರಲ್ಲೇ ಅರ್ಧ ಸಮಯ ಹೋಗುತ್ತೆ.

ಆ ಡಬ್ಬದಲ್ಲಿ ಏನಿರ್ಬೇಕು ಅಂದ್ರೆ ಬಟ್ಟೆಗೆ ಒಂದು ಕತ್ತರಿ, ಪೇಪರಿಗೆ ಇನ್ನೊಂದು, ಎರಡನ್ನೂ ಸೇರಿಸ್ಬಾರ್ದು, ಪೇಪರ್ ಕತ್ತರಿಸಿದ ಕತ್ತರಿ ರೇಷ್ಮೆ ಬಟ್ಟೇನ ಜಗಿಯುತ್ತೆ. ದಬ್ಬಳ, ದಪ್ಪ ದಾರ, ಕಾಣದೇ ಇರೋ ನೈಲಾನ್ ದಾರ, ಸಣ್ಣ ಬೈಂಡಿಂಗ್ ವೈರು, ಸೇಫ್ಟಿ ಪಿನ್ನು, ಡಬಲ್ ಸೈಡ್ ಟೇಪು, ಗ್ಲೂ ಗನ್ನು. ಗನ್ನು 11 ಎಂಎಂ ಕಡ್ಡಿ ಹೋಗೋದನ್ನ ತಗೊಳಿ, ಸಣ್ಣದು ಬಿಸಿಯಾಗೋಷ್ಟರಲ್ಲಿ ಅಂಟು ಆರಿರುತ್ತೆ. ಆದ್ರೆ ಗ್ಲೂ ಗನ್ನಲ್ಲಿ ಅಂಟಿಸಿದ್ದನ್ನ ದೀಪದ ಹತ್ರ ಇಡ್ಬೇಡಿ, ಕಾವಿಗೆ ಅಂಟು ಕರಗಿ ಕಳಚುತ್ತೆ, ಅಲ್ಲಿ ದಾರ ಕಟ್ಟೋದೇ ಕ್ಷೇಮ. ಥರ್ಮಾಕೋಲ್ ಮಂಟಪಾನೂ ದೀಪದಿಂದ ದೂರ.

ಬೊಂಬೆ ಮೆಟ್ಟಿಲಿಗೆ ಉದ್ದಕ್ಕೂ ತೂತಿರೋ ಸ್ಲಾಟೆಡ್ ಆ್ಯಂಗಲ್ ಕಂಬಿ, ಪ್ಲೈವುಡ್ ಹಲಗೆ ತಗೊಂಡ್ರೆ ವರ್ಷ ವರ್ಷ ಬಿಚ್ಚಿ ಜೋಡಿಸ್ಬೋದು, ಅದಕ್ಕೆ ಒಂದು ಅಡ್ಜಸ್ಟಬಲ್ ಸ್ಪ್ಯಾನರ್ ಸಾಕು. ಮೆಟ್ಟಿಲು ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆ. ನಟ್ಟುಗಳನ್ನ ಮೊದ್ಲು ಸಡಿಲವಾಗಿ ಹಾಕಿ ಪೂರ್ತಿ ಜೋಡಿಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಎಲ್ಲಾ ಬಿಗಿ ಮಾಡಿ. ಒಂದೊಂದನ್ನೇ ಬಿಗಿ ಮಾಡ್ಕೊಂಡು ಹೋದ್ರೆ ಕೊನೇ ತೂತು ಕೂಡಲ್ಲ. ಪಟ್ಟದ ಗೊಂಬೆ ಮೇಲೆ ಬರುತ್ತೆ, ಭಾರದ ಮಣ್ಣಿನ ಬೊಂಬೆಗಳೆಲ್ಲ ಕೆಳಗಿನ ಮೆಟ್ಟಿಲಿಗೆ.

ಇನ್ನೊಂದು, ಮಾವಿನ ತೋರಣಕ್ಕೆ ಹಬ್ಬಕ್ಕೊಂದು ಮೊಳೆ ಬಾಗಿಲ ಚೌಕಟ್ಟಿಗೆ ಹೊಡೀತಾ ಹೋಗ್ಬೇಡಿ, ಮರ ಸೀಳುತ್ತೆ, ಬಾಡಿಗೆ ಮನೆ ಬೇರೆ. ಎರಡು ಮೂಲೆಗೆ ಎರಡು ಸಣ್ಣ ಹಿತ್ತಾಳೆ ಸ್ಕ್ರೂ ಹುಕ್ಕು ಹಾಕಿಬಿಡಿ. ಮೊದ್ಲು 2 ಎಂಎಂ ಬಿಟ್ಟಲ್ಲಿ ತೂತು ಮಾಡಿ, ಹುಕ್ಕಿನ ತಿರುಪಿಗೆ ಚೂರು ಸೋಪು ಸವರಿ, ಕೈಯಲ್ಲೇ ತಿರುಗಿಸಿ. ತೇಗದ ಚೌಕಟ್ಟಿಗೆ ತೂತಿಲ್ಲದೆ ತಿರುಗಿಸಿದ್ರೆ ಹಿತ್ತಾಳೆ ಮುರಿದು ಅರ್ಧ ಒಳಗೇ ಉಳಿಯುತ್ತೆ.

ಗೋಡೆಗೆ ತುಂಬಾ ಫೋಟೋ ಹಾಕೋದಿದ್ರೆ ಫೋಟೋ ಅಳತೆಗೆ ನ್ಯೂಸ್‌ಪೇಪರ್ ಕತ್ತರಿಸಿ ಮಾಸ್ಕಿಂಗ್ ಟೇಪಲ್ಲಿ ಗೋಡೆಗೆ ಅಂಟಿಸಿ ಎರಡು ದಿನ ನೋಡಿ. ಕೂತಾಗ ಹೇಗೆ ಕಾಣುತ್ತೆ, ಒಳಗೆ ಬರುವಾಗ ಹೇಗೆ ಕಾಣುತ್ತೆ, ಎಲ್ಲಾ ಗೊತ್ತಾಗುತ್ತೆ. ಜಾಗ ಮನಸ್ಸಿಗೆ ಬಂದ್ಮೇಲೆ ಪೇಪರ್ ಮೇಲೇ ಗುರುತು ಹಾಕಿ ತೂತು ಹೊಡೀಬೋದು.

ತಾರಸಿ_ತೋಟ:

ಅಕ್ಕಾ, ತೋರಣದ ಹುಕ್ಕು ಇವತ್ತೇ ಹಾಕ್ತೀನಿ, ನಮ್ಮ ಬಾಗಿಲಲ್ಲಿ ಹಿಂದಿನವ್ರು ಹೊಡೆದ ಮೊಳೆ ಸಾಲಾಗಿದೆ. ಬ್ರಾಕೆಟ್ ಮೇಲಕ್ಕೆ ತಗೊಂಡ್ಮೇಲೆ ಕೆಂಪು ಪುಡಿ ಬಂತು ರಸಮಟ್ಟ ಅಣ್ಣ, ಎರಡೂ ರಾಡು ನಿಂತಿದೆ. ಕೊಂಡಿದ್ದು ನೀವು ಹೇಳಿದ್ದೇ, ಡ್ರಿಲ್ಲು, ಬಿಟ್ಟು, ಟೇಪು, ರಸಮಟ್ಟ, ಸುತ್ತಿಗೆ, ಪ್ಲೇಯರ್, ಎರಡು ಸ್ಕ್ರೂಡ್ರೈವರ್, ಟೆಸ್ಟರ್, ಗಾಗಲ್ಸು, ಪ್ಲಗ್ಗು ಸ್ಕ್ರೂ. ಐದು ಸಾವಿರದೊಳಗೇ ಮುಗೀತು, ಬಣ್ಣದ ಸಾಮಾನು ಮುಂದಿನ ತಿಂಗಳು.

ಸಂಜೆ_ಮಳೆ:

ಮಧ್ಯೆ ಬಂದು ಕೇಳ್ತಿದೀನಿ ಕ್ಷಮಿಸಿ, ನಂದೂ ಇದೇ ಯೋಚ್ನೆ ನಡೀತಿದೆ. ಬ್ಯಾಟರಿ ಡ್ರಿಲ್ಲು ತಗೊಂಡ್ರೆ ವೈರ್ ಎಳೆಯೋ ಕಷ್ಟ ಇಲ್ವಲ್ಲ, 12 ವೋಲ್ಟಿಂದು ಸಾಕಾಗುತ್ತಾ? ಮೈವಾನ್ ಅಪಾರ್ಟ್‌ಮೆಂಟು, ಸ್ವಂತದ್ದು.

ರಸಮಟ್ಟ:

ಮೈವಾನ್ ಗೋಡೆಗೆ 12 ವೋಲ್ಟಿಂದು ಆಗಲ್ಲ, ಎಲ್ಲಾ ಕಾಂಕ್ರೀಟು, ಬಿಟ್ಟು ಸವೆಯೋದೊಂದೇ. ಸ್ಕ್ರೂ ಬಿಗಿ ಮಾಡೋಕೆ, ಮರಕ್ಕೆ, ಫರ್ನಿಚರ್ ಜೋಡಿಸೋಕೆ ಮಾತ್ರ ಅದು ತುಂಬಾ ಅನುಕೂಲ, ನನ್ನ ಕೈಯಲ್ಲಿ ದಿನಾ ಇರೋದು ಅದೇ. ನಿಮ್ಮ ಸ್ವಂತ ಮನೆ, ಗೋಡೆ ಪೂರ್ತಿ ಕಾಂಕ್ರೀಟು, ಹಾಗಿದ್ಮೇಲೆ ವೈರಿರೋ 2 ಕೇಜಿ ಕ್ಲಾಸಿನ ರೋಟರಿ ಹ್ಯಾಮರ್ರೇ ತಗೊಂಡುಬಿಡಿ, ಎಸ್‌ಡಿಎಸ್ ಬಿಟ್ಟು 6, 8. ದುಡ್ಡು ಜಾಸ್ತಿ ಅನ್ಸಿದ್ರೆ ನಿಮ್ಮ ಬಿಲ್ಡಿಂಗಿನ ನಾಲ್ಕೈದು ಮನೆಯವ್ರು ಸೇರಿ ಒಂದು ತಗೊಳಿ, ಎಲ್ರದ್ದೂ ಅದೇ ಗೋಡೆ. ಹೊಡೆಯೋದು ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಒಂದರೊಳಗೆ ಇಟ್ಕೊಳಿ, ಮೈವಾನಲ್ಲಿ ಒಂದು ಮನೇಲಿ ಹೊಡೆದ್ರೆ ಮೇಲೆ ಕೆಳಗೆ ಎಲ್ಲಾ ಮನೆಗೂ ಸದ್ದು ಹೋಗುತ್ತೆ.